‘ಮೂಲಗಳು ತಿಳಿಸಿವೆ’: ಹೆಸರಿಲ್ಲದ ಸುದ್ದಿ, ಬಾಯಿ ಬಿಡದ ಸರ್ಕಾರ, ನೊಂದ ಭಕ್ತರು – ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿ ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ಭಾನುವಾರ ಬೆಳಗ್ಗೆ ಸರಸ್ವತಿಪುರಂನ ನಮ್ಮ ಮನೆಯ ವರಾಂಡದಲ್ಲಿ ಏಳೆಂಟು ಜನ ಸೇರುತ್ತೇವೆ. ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರು, ಇಬ್ಬರು ನಿವೃತ್ತ ಮೇಷ್ಟ್ರುಗಳು, ಮಂಡಿ ಮೊಹಲ್ಲಾದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಒಬ್ಬ ಸಾಹೇಬರು. ವಾರದ ಪತ್ರಿಕೆಗಳನ್ನು ಚಾಪೆಯ ಮೇಲೆ ಹರಡಿಕೊಂಡು ಓದುತ್ತೇವೆ. ಎಲ್ಲಿಯಾದರೂ ಗುಡಿಗೋ ಮಸೀದಿಗೋ ಚರ್ಚಿಗೋ ಧರ್ಮಗ್ರಂಥಕ್ಕೋ ಅಪಚಾರವಾಯಿತು ಎಂಬ ಸುದ್ದಿ ಬಂದ ವಾರ ಚರ್ಚೆ ಮಧ್ಯಾಹ್ನದವರೆಗೂ ಎಳೆಯುತ್ತದೆ, ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚೂಕಡಿಮೆ ಅವೇ. ಅವನ್ನೂ ನಾನು ಕೊಡುವ ಉತ್ತರಗಳನ್ನೂ ಬರೆದಿಡಿ ಎಂದು ಹುಡುಗರು ಒತ್ತಾಯಿಸಿದ್ದರಿಂದ ಬರೆದಿದ್ದೇನೆ.

‘ಮೂಲಗಳು ತಿಳಿಸಿವೆ’ ಎಂದು ಬರೆದರೆ ಯಾರು ತಿಳಿಸಿದ್ದಾರೆ ಎಂದರ್ಥ?

ಒಬ್ಬ ಮನುಷ್ಯ. ಬಹುಪಾಲು ಸಲ ಒಬ್ಬನೇ ಒಬ್ಬ. ತಾಲ್ಲೂಕು ಕಚೇರಿಯ ಗುಮಾಸ್ತ, ಠಾಣೆಯ ರೈಟರ್, ಮಂತ್ರಿಯ ಆಪ್ತ ಸಹಾಯಕ, ಇಲ್ಲವೇ ಎದುರು ಬಣದ ಮುಖಂಡ. ಬರೆಯುವಾಗ ಅವನು ಬಹುವಚನವಾಗುತ್ತಾನೆ, ಮನುಷ್ಯನಾಗಿದ್ದವನು ‘ಮೂಲ’ವಾಗುತ್ತಾನೆ. ನಾನೇ ನೂರಾರು ಸಲ ಹಾಗೆ ತಿದ್ದಿದ್ದೇನೆ. ಆಗ ಅದು ಬರವಣಿಗೆಯ ರೂಢಿ ಎನಿಸುತ್ತಿತ್ತು. ಓದುಗರಿಗೆ ನಾನು ಲೆಕ್ಕ ತಪ್ಪಿ ಹೇಳುತ್ತಿದ್ದೆ ಎಂಬುದು ಬಹಳ ತಡವಾಗಿ ಹೊಳೆಯಿತು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಮನುಷ್ಯ ಕಣ್ಣಾರೆ ಕಂಡವನೇ, ಕಡತ ಓದಿದವನೇ, ಇಲ್ಲ ಯಾರೋ ಹೇಳಿದ್ದನ್ನು ಕೇಳಿದವನೇ? ಈ ಮೂವರ ತೂಕ ಬೇರೆ ಬೇರೆ. ‘ಬಲ್ಲ ಮೂಲಗಳು’ ಎಂಬ ಎರಡು ಪದ ಮೂವರಿಗೂ ಒಂದೇ ಅಂಗಿ ತೊಡಿಸಿಬಿಡುತ್ತವೆ. ಇನ್ನು ‘ಎನ್ನಲಾಗಿದೆ’ ಎಂಬ ಮಾತಿನಲ್ಲಂತೂ ಅಂದವರೇ ಇರುವುದಿಲ್ಲ.

ಹೆಸರು ಮುಚ್ಚಿಡುವುದೇ ತಪ್ಪಲ್ಲವೇ? ಧೈರ್ಯವಿದ್ದವರು ಎದುರಿಗೆ ಬಂದು ಹೇಳಲಿ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆ ಪುಸ್ತಕದಲ್ಲಿ ಇಲ್ಲದ ಕಾಮಗಾರಿಗೆ ಬಿಲ್ಲು ಆಗಿದೆ ಎಂದು ಹೇಳಲು ಬಂದ ಕಿರಿಯ ಎಂಜಿನಿಯರನ ಹೆಸರು ಬರೆದರೆ ಮಾರನೆಯ ವಾರವೇ ಅವನು ಎಲ್ಲೋ ದೂರದ ಊರಿಗೆ ವರ್ಗವಾಗಿರುತ್ತಾನೆ. ಅವನ ಮಕ್ಕಳ ಶಾಲೆ, ಹೆಂಡತಿಯ ಕೆಲಸ, ವಯಸ್ಸಾದ ತಂದೆಯ ಔಷಧ ಎಲ್ಲವೂ ಅಸ್ತವ್ಯಸ್ತವಾಗುತ್ತವೆ. ಭ್ರಷ್ಟಾಚಾರ ಬಯಲಿಗೆಳೆಯುವವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಅದನ್ನು ಜಾರಿಗೆ ತರದೆ ಕಪಾಟಿನಲ್ಲಿಟ್ಟರು. ಸರ್ಕಾರವೇ ಕಾಪಾಡದ ಮೇಲೆ ಅವನನ್ನು ಕಾಪಾಡಲು ಉಳಿದದ್ದು ವರದಿಗಾರನ ಬಾಯಿ ಮಾತ್ರ.

ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡಬೇಕಾಗಿ ಬಂದ ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಪತ್ರಿಕೆಗೆ ದಾರಿ ತೋರಿಸಿದ ಅಧಿಕಾರಿ ಯಾರು ಎಂಬುದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿಯೇ ಇತ್ತು. ಅವರು ಆ ದೇಶದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್ ಎಂದು ಗೊತ್ತಾದದ್ದು 2005ರ ಮೇ 31ರಂದು. ಆ ಹೆಸರನ್ನು ಹೊರಗೆ ಹಾಕಿದ್ದು ಪತ್ರಕರ್ತರಲ್ಲ, ಸ್ವತಃ ಫೆಲ್ಟ್ ಮತ್ತು ಅವರ ಮನೆಯವರು. ಈ ಮೇ ತಿಂಗಳನ್ನು ನೆನಪಿಡಿ. ಅದೇ ತಿಂಗಳಲ್ಲಿ ಅದೇ ದೇಶದಲ್ಲಿ ಹೆಸರಿಲ್ಲದ ಇನ್ನೊಂದು ಮೂಲ ಇನ್ನೊಂದು ಪತ್ರಿಕೆ ಮುಗ್ಗರಿಸುವಂತೆ ಮಾಡಿತ್ತು.

ಅದೇನು 2005ರ ಪ್ರಕರಣ? ನೀವು ಪ್ರತಿ ಸಲ ಅದನ್ನೇ ಎತ್ತುತ್ತೀರಿ.

ಎತ್ತುತ್ತೇನೆ. ನಮ್ಮ ಕಸುಬಿನ ಎಲ್ಲ ಗಂಟುಗಳೂ ಆ ಒಂದು ಪ್ರಕರಣದಲ್ಲಿವೆ.

ನ್ಯೂಸ್‌ವೀಕ್ ವಾರಪತ್ರಿಕೆಯ 2005ರ ಮೇ 9ರ ಸಂಚಿಕೆಯಲ್ಲಿ ಒಂದು ಪುಟ್ಟ ಸುದ್ದಿ ಬಂತು. ಕ್ಯೂಬಾದ ಗ್ವಾಂಟನಾಮೊದಲ್ಲಿರುವ ಅಮೆರಿಕದ ಸೇನಾ ಸೆರೆಮನೆಯಲ್ಲಿ ವಿಚಾರಣೆ ಮಾಡುವವರು ಕೈದಿಗಳನ್ನು ಕುಗ್ಗಿಸಲು ಕುರಾನನ್ನು ಶೌಚಾಲಯದಲ್ಲಿ ಇಟ್ಟಿದ್ದರು, ಒಮ್ಮೆಯಂತೂ ಶೌಚಗುಂಡಿಗೆ ಹಾಕಿ ನೀರು ಬಿಟ್ಟಿದ್ದರು, ಇದನ್ನು ಸೇನೆಯ ತನಿಖೆಯೇ ದೃಢಪಡಿಸಿದೆ ಎಂಬುದು ಅದರ ಸಾರ. ‘ಮೂಲಗಳು’ ಎಂದು ಬಹುವಚನದಲ್ಲಿ ಬರೆದಿದ್ದರು. ಇದ್ದದ್ದು ಒಬ್ಬ ಹಿರಿಯ ಸರ್ಕಾರಿ ಅಧಿಕಾರಿ.

ವರದಿಗಾರರು ಅಡ್ಡಾದಿಡ್ಡಿ ಕೆಲಸ ಮಾಡಿದವರಲ್ಲ. ಪ್ರಕಟಣೆಗೆ ಮೊದಲು ರಕ್ಷಣಾ ಇಲಾಖೆಯ ಇಬ್ಬರನ್ನು ಕೇಳಿದ್ದರು. ಒಬ್ಬರು ಪ್ರತಿಕ್ರಿಯೆ ಕೊಡಲಿಲ್ಲ. ಇನ್ನೊಬ್ಬರಿಗೆ ಕರಡನ್ನೇ ತೋರಿಸಿದಾಗ ಅವರು ಬೇರೆ ಒಂದು ಅಂಶಕ್ಕೆ ತಕರಾರು ತೆಗೆದರು, ಕುರಾನಿನ ಮಾತಿಗೆ ಏನೂ ಹೇಳಲಿಲ್ಲ. ಆ ಮೌನವನ್ನು ಪತ್ರಿಕೆ ಹೌದೆಂದು ತಿಳಿಯಿತು.

ಸಂಚಿಕೆ ತನ್ನ ಮೇಲಿನ ತಾರೀಖಿಗಿಂತ ಮೊದಲೇ ಮಾರಾಟಕ್ಕೆ ಬಂದಿತ್ತು. ಮೇ 6ರಂದು ಇಮ್ರಾನ್ ಖಾನ್ ಪಾಕಿಸ್ತಾನದಲ್ಲಿ ಸುದ್ದಿಗೋಷ್ಠಿ ಕರೆದು ಆ ಪತ್ರಿಕೆಯನ್ನು ಕೈಯಲ್ಲೆತ್ತಿ ತೋರಿಸಿದರು. ಮುಂದಿನ ವಾರ ಅಫ್ಘಾನಿಸ್ತಾನದ ಜಲಾಲಾಬಾದ್ ಹೊತ್ತಿಕೊಂಡಿತು, ಬೇರೆ ಊರುಗಳಿಗೂ ಹಬ್ಬಿತು. ಕನಿಷ್ಠ 15 ಜನ ಸತ್ತರು. ಆಮೇಲೆ ಮತ್ತೆ ಕೇಳಿದಾಗ ಮೂಲವಾಗಿದ್ದ ಆ ಅಧಿಕಾರಿ, ತಾನು ಅದನ್ನು ಓದಿದ್ದು ನಿಜ, ಆದರೆ ಸೇನೆಯ ಆ ತನಿಖಾ ವರದಿಯಲ್ಲೇ ಓದಿದೆನೇ ಎಂದು ಖಚಿತವಾಗಿ ಹೇಳಲಾರೆ ಎಂದರು. ಪತ್ರಿಕೆ ಮೊದಲು ವಿಷಾದ ವ್ಯಕ್ತಪಡಿಸಿ, ಮೇ 16ರಂದು ಸುದ್ದಿಯನ್ನೇ ಹಿಂತೆಗೆದುಕೊಂಡಿತು.

ಅಂದರೆ ಸುದ್ದಿ ಸುಳ್ಳು, ಸರ್ಕಾರ ಸಾಚಾ ಎಂದಾಯಿತಲ್ಲ?

ಇಲ್ಲ. ನಾನು ಇಷ್ಟೆಲ್ಲ ಬರೆಯಲು ಕುಳಿತದ್ದೇ ಈ ಒಂದು ‘ಇಲ್ಲ’ವನ್ನು ಬಿಡಿಸಿ ಹೇಳಲು.

ನಮ್ಮ ತಂದೆ ಮದ್ದೂರಿನಲ್ಲಿ ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಬ್ಬ ರೈತನ ಖಾತೆಯ ತಪ್ಪನ್ನು ಇನ್ನೊಬ್ಬನ ಖಾತೆಗೆ ಹಾಕಿ ಸರಿದೂಗಿಸುವುದನ್ನು ಅವರು ಕಳ್ಳತನ ಎಂದೇ ಕರೆಯುತ್ತಿದ್ದರು. ಕೊನೆಯಲ್ಲಿ ಮೊತ್ತ ಕೂಡಿ ಬಂದರೂ ಅದು ಕಳ್ಳತನವೇ. 2005ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ ಮಾಡಿದ್ದು ಇದನ್ನೇ. ಪತ್ರಿಕೆಯ ತಪ್ಪಿನಿಂದ ಜನ ಸತ್ತರು ಎಂದು ವಕ್ತಾರರು ದಿನವೂ ಹೇಳಿದರು. ಆದರೆ ಅದೇ ಸರ್ಕಾರದ ಅತ್ಯುನ್ನತ ಸೇನಾಧಿಕಾರಿ ಜನರಲ್ ರಿಚರ್ಡ್ ಮೈಯರ್ಸ್, ಅಲ್ಲಿನ ಕಮಾಂಡರರ ಅಭಿಪ್ರಾಯದಂತೆ ಜಲಾಲಾಬಾದಿನ ಹಿಂಸೆಗೆ ಆ ಸುದ್ದಿಗಿಂತ ಸ್ಥಳೀಯ ರಾಜಕೀಯವೇ ಹೆಚ್ಚು ಕಾರಣ ಎಂದು ಮೇ 12ರಂದೇ ಹೇಳಿಯಾಗಿತ್ತು.

ಸರ್ಕಾರದ ಖಾತೆ ತೆರೆದರೆ ಏನಿತ್ತು? ಕುರಾನನ್ನು ಅಗೌರವದಿಂದ ಕಾಣುತ್ತಿದ್ದಾರೆ ಎಂಬ ಕೈದಿಗಳ ದೂರನ್ನು ರೆಡ್‌ಕ್ರಾಸ್ ಸಂಸ್ಥೆ 2002ರಿಂದಲೇ ಅಧಿಕಾರಿಗಳ ಗಮನಕ್ಕೆ ತಂದಿತ್ತು. 2003ರ ಜನವರಿಯಲ್ಲಿ ಸೇನೆ ಒಂದು ಸೂಚನೆ ಹೊರಡಿಸಿ, ಕುರಾನನ್ನು ಶುಭ್ರ ಕೈಗವಸು ಹಾಕಿ ಎರಡೂ ಕೈಯಿಂದ ಹಿಡಿಯಬೇಕು, ನೆಲದ ಮೇಲಾಗಲಿ ಶೌಚದ ಹತ್ತಿರವಾಗಲಿ ಇಡಬಾರದು ಎಂದಿತ್ತು. ಏನೂ ನಡೆಯದ ಜಾಗದಲ್ಲಿ ಅಂಥ ಸೂಚನೆ ಹುಟ್ಟುತ್ತದೆಯೇ? ಸುದ್ದಿ ಹಿಂತೆಗೆದುಕೊಂಡ ಹತ್ತೇ ದಿನದೊಳಗೆ ನಾಗರಿಕ ಹಕ್ಕುಗಳ ಸಂಘಟನೆಯೊಂದು ನ್ಯಾಯಾಲಯದ ಮೂಲಕ ಪಡೆದ ಎಫ್‌ಬಿಐ ಕಾಗದಗಳು ಹೊರಬಂದವು. ಕಾವಲುಗಾರರು ಕುರಾನನ್ನು ಶೌಚಕ್ಕೆ ಹಾಕಿದರು ಎಂದು ಕೈದಿಯೊಬ್ಬ 2002ರಲ್ಲೇ ದೂರಿದ್ದ ದಾಖಲೆ ಅದರಲ್ಲಿತ್ತು. ಅದು ದೂರು, ಸಾಬೀತಾದ ಸಂಗತಿಯಲ್ಲ.

ಜೂನ್ 3ರಂದು, ವಾರ ಮುಗಿಯುವ ಶುಕ್ರವಾರ, ಸೇನೆಯ ಸ್ವಂತ ತನಿಖಾ ವರದಿ ಬಂತು. ಶೌಚಗುಂಡಿಗೆ ಹಾಕಿದ್ದಕ್ಕೆ ನಂಬಬಹುದಾದ ಪುರಾವೆ ಸಿಗಲಿಲ್ಲ ಎಂದ ಅದೇ ವರದಿ, ಕುರಾನನ್ನು ಒದ್ದದ್ದು, ತುಳಿದದ್ದು, ಕಾವಲುಗಾರನೊಬ್ಬನ ಮೂತ್ರ ಗಾಳಿಕಿಂಡಿಯಿಂದ ಒಳಗೆ ಸಿಡಿದು ಕುರಾನಿನ ಮೇಲೆ ಬಿದ್ದದ್ದು ಸೇರಿ ಐದು ಪ್ರಕರಣಗಳು ನಡೆದಿವೆ ಎಂದು ಒಪ್ಪಿಕೊಂಡಿತು. ಕೊನೆಯದು ಉದ್ದೇಶಪೂರ್ವಕವಲ್ಲ ಎಂದೂ ಹೇಳಿತು.

ಹಾಗಾಗಿ ಪತ್ರಿಕೆ ತಪ್ಪಿದ್ದು ಒಂದು ಖಾತೆ. ಸೆರೆಮನೆಯೊಳಗೆ ನಡೆದದ್ದು ಇನ್ನೊಂದು. ಒಂದರಿಂದ ಇನ್ನೊಂದನ್ನು ಚುಕ್ತಾ ಮಾಡಲು ಬಿಡಬಾರದು.

ದೂರದ ದೇಶದ ಕಥೆ. ನಮ್ಮ ಮೈಸೂರು, ಮಂಡ್ಯಕ್ಕೂ ಅದಕ್ಕೂ ಏನು ಸಂಬಂಧ?

1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂದ ಒಂದು ಕಥೆಗೆ ಬೆಂಗಳೂರಿನ ಜೊತೆಗೆ ಮೈಸೂರಿನಲ್ಲೂ ಗಲಭೆಯಾಗಿ ಹೆಣಗಳು ಬಿದ್ದವು. 2009ರ ಜುಲೈನಲ್ಲಿ ಇದೇ ನಗರದ ಕ್ಯಾತಮಾರನಹಳ್ಳಿಯ ಪ್ರಾರ್ಥನಾ ಸ್ಥಳದಲ್ಲಿ ಹಂದಿಯ ಕಳೇಬರ ಸಿಕ್ಕಿ, ಗಲಭೆ ನಡೆದು, ಸಾವುಗಳಾದವು. 2010ರ ಮಾರ್ಚಿನಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಅನುವಾದ ಲೇಖನಕ್ಕೆ ಶಿವಮೊಗ್ಗ, ಹಾಸನ ಉರಿದವು. ತಾನು ಆ ಪತ್ರಿಕೆಗೆ ಬರೆದೇ ಇಲ್ಲ ಎಂದು ಲೇಖಕಿ ಆಮೇಲೆ ಹೇಳಿದರು. ದೂರದ ಕಥೆಯೇ ಇದು?

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಇಪ್ಪತ್ತು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದೂವರೆ, ಮೊದಲ ಪುಟ ಮುಗಿಸುವ ಹೊತ್ತು. ಗೊತ್ತಿದ್ದ ಪೊಲೀಸರೊಬ್ಬರು ಫೋನ್ ಮಾಡಿ ಇಂಥ ಹಳ್ಳಿಯ ಅರಳಿಕಟ್ಟೆಯಲ್ಲಿ ನಾಗರಕಲ್ಲು ಒಡೆದಿದ್ದಾರೆ, ಜನ ಸೇರಿದ್ದಾರೆ ಎಂದರು. ‘ಒಡೆದಿದ್ದಾರೆ’ ಎಂಬ ಕ್ರಿಯಾಪದ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸಿತು. ಯಾರು ಎಂದು ನಾನು ಕೇಳಲಿಲ್ಲ, ನೀವು ನೋಡಿದಿರಾ ಎಂದೂ ಕೇಳಲಿಲ್ಲ. ‘ಕಿಡಿಗೇಡಿಗಳು ನಾಗರಕಲ್ಲು ಧ್ವಂಸ ಮಾಡಿದ್ದಾರೆ ಎಂದು ಪೊಲೀಸ್ ಮೂಲಗಳು ತಿಳಿಸಿವೆ’ ಎಂದು ನಾಲ್ಕು ಸಾಲು ಬರೆದು ಕೆಳಗಿನ ಮೂಲೆಯಲ್ಲಿ ಹಾಕಿದೆ. ಅವರು ಹೇಳದೇ ಇದ್ದ ‘ಕಿಡಿಗೇಡಿಗಳು’ ನಾನು ಸೇರಿಸಿದ್ದು. ‘ಮೂಲಗಳು’ ಕೂಡ.

ಬೆಳಗ್ಗೆ ಅಂಗಡಿಗಳ ಬಾಗಿಲು ತೆರೆಯಲಿಲ್ಲ. ಹಳ್ಳಿಯ ಕೊನೆಯಲ್ಲಿದ್ದ ಎರಡು ಸಾಬರ ಮನೆಯವರು ಬೀಗ ಹಾಕಿಕೊಂಡು ನೆಂಟರ ಊರಿಗೆ ಹೋಗಿದ್ದರು. ಹತ್ತು ಗಂಟೆಗೆ ನಾನು ಹೋಗಿ ನೋಡಿದೆ. ಹೆಡೆ ಎರಡು ತುಂಡಾಗಿ ಬಿದ್ದಿತ್ತು, ಒಂದು ತುಂಡಿನ ಅರಿಶಿನ ಇನ್ನೂ ಹಸಿಯಾಗಿತ್ತು. ಕಲ್ಲಿನ ಬುಡದಲ್ಲಿ ಒಂದೇ ಅಂತರದಲ್ಲಿ ಮೂರು ಗೀರು. ಪಕ್ಕದಲ್ಲಿ ನಿಂತಿದ್ದ ಟ್ರಾಕ್ಟರ್ ಓಡಿಸುವ ಹುಡುಗ ಬಗ್ಗಿ ನೋಡಿ, ‘ಸಾರ್, ಇದು ಜೆಸಿಬಿ ಹಲ್ಲು’ ಎಂದ. ರಸ್ತೆ ಅಗಲ ಮಾಡುವ ಕೆಲಸದವರು ಹಿಂದಿನ ಸಂಜೆ ಮಣ್ಣು ತೆಗೆಯುವಾಗ ಬಕೆಟ್ಟು ತಗುಲಿತ್ತು. ಗುತ್ತಿಗೆದಾರ ಅದನ್ನು ಏಳು ಗಂಟೆಗೇ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಿದ್ದ. ಅಧಿಕಾರಿ ಬೆಳಗ್ಗೆ ನೋಡೋಣ ಎಂದು ಸುಮ್ಮನಾಗಿದ್ದರು.

ಜನ ನನ್ನ ಮೇಲೆ ಕೂಗಾಡಿದರು, ಅದು ನ್ಯಾಯವೇ. ಆದರೆ ಮಧ್ಯಾಹ್ನದ ಶಾಂತಿಸಭೆಯಲ್ಲಿ ಅದೇ ಅಧಿಕಾರಿ ಎದ್ದು ನಿಂತು ‘ಪತ್ರಿಕೆಯವರ ಬೇಜವಾಬ್ದಾರಿಯಿಂದ ಇಷ್ಟೆಲ್ಲ ಆಯಿತು’ ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಏಳು ಗಂಟೆಯಿಂದ ಹನ್ನೊಂದೂವರೆವರೆಗೆ ಅವರು ಮಾತಾಡಿದ್ದರೆ ನನ್ನ ನಾಲ್ಕು ಸಾಲಿಗೆ ಜಾಗವೇ ಇರುತ್ತಿರಲಿಲ್ಲ ಎಂದು ಹೇಳಲು ನನಗೆ ಅಂದು ಬಾಯಿ ಬರಲಿಲ್ಲ. ತಪ್ಪು ಮಾಡಿದವನಿಗೆ ಪ್ರಶ್ನೆ ಕೇಳುವ ಹಕ್ಕು ಇಲ್ಲ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

ಒಂದು ಪುಸ್ತಕಕ್ಕೆ, ಒಂದು ಕಲ್ಲಿಗೆ ಇಷ್ಟು ಕೋಪವೇಕೆ?

ಈ ಪ್ರಶ್ನೆಯನ್ನು ಓದಿದವರೇ ಹೆಚ್ಚು ಕೇಳುತ್ತಾರೆ. ಪುಸ್ತಕಕ್ಕೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ನಾವೇ ಹೀಗೆ ಕೇಳಬಹುದೇ?

ನಮ್ಮ ಬೈಂಡಿಂಗ್ ಸಾಹೇಬರ ಅಂಗಡಿಗೆ ಒಮ್ಮೆ ಹೋಗಿದ್ದೆ. ಶಾಲೆಯ ಹಾಜರಿ ಪುಸ್ತಕ, ಬ್ಯಾಂಕಿನ ಲೆಡ್ಜರು, ಹಳೆಯ ಕಾದಂಬರಿಗಳು ನೆಲದ ಮೇಲೆ ರಾಶಿ ಬಿದ್ದಿದ್ದವು. ಯಾರದೋ ಮನೆಯ ಕುರಾನು ಹೊಲಿಗೆ ಬಿಟ್ಟು ಬಂದಿತ್ತು. ಅದಕ್ಕೆ ಬೇರೆ ಮಣೆ. ಅವರು ಎದ್ದು ಹೋಗಿ ಕೈಕಾಲು ತೊಳೆದು ಬಂದು, ಒಗೆದ ಬಿಳಿ ಬಟ್ಟೆ ಹಾಸಿ, ಮಣೆಯನ್ನು ಮೊಣಕಾಲಿಗಿಂತ ಮೇಲೆ ಇಟ್ಟುಕೊಂಡು ಸೂಜಿ ಹಿಡಿದರು. ಉದುರಿದ ಅಂಚಿನ ಚೂರುಗಳನ್ನೂ ಬಿಸಾಡಲಿಲ್ಲ, ಒಂದು ಚೀಲಕ್ಕೆ ಹಾಕಿದರು. ಅವನ್ನು ಆಮೇಲೆ ತುಳಿಯುವ ಕಾಲಿಲ್ಲದ ಕಡೆ ಮಣ್ಣು ಮಾಡುತ್ತಾರಂತೆ. ‘ಸ್ವಾಮಿ, ಇದು ನನ್ನ ಅಬ್ಬಾ ಸಾಯುವಾಗ ಕಿವಿಯಲ್ಲಿ ಓದಿದ್ದು. ಕಾಗದ ಅಂದರೆ ಹೇಗೆ?’ ಎಂದರು.

ಗ್ವಾಂಟನಾಮೊದ ಕೈದಿಗೆ ಬಟ್ಟೆ ಸರ್ಕಾರದ್ದು, ತಟ್ಟೆ ಸರ್ಕಾರದ್ದು, ಹೆಸರಿನ ಬದಲು ಸರ್ಕಾರ ಕೊಟ್ಟ ಸಂಖ್ಯೆ. ತನ್ನದೆಂದು ಹೇಳಿಕೊಳ್ಳಲು ಉಳಿದದ್ದು ಆ ಪುಸ್ತಕವೊಂದೇ. ಅದನ್ನು ಒದ್ದವನಿಗೆ ತಾನು ಏನು ಒದೆಯುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು. ಸೆರೆಯಲ್ಲಿರುವ ಮನುಷ್ಯನ ದೇವರ ಮೇಲೆ ಕಾಲಿಡುವುದನ್ನು ನಾನು ಚಿತ್ರಹಿಂಸೆ ಎಂದೇ ಕರೆಯುತ್ತೇನೆ.

ನೋವು ನಿಜ ಎಂದ ಮಾತ್ರಕ್ಕೆ ಅಂಗಡಿಗೆ ಬೆಂಕಿ ಹಚ್ಚುವುದು ಸರಿಯಾಗುವುದಿಲ್ಲ. ಜಲಾಲಾಬಾದಿನಲ್ಲಿ ಸತ್ತವರಲ್ಲಿ ಆ ಸೆರೆಮನೆಯ ಕಾವಲುಗಾರ ಒಬ್ಬನೂ ಇರಲಿಲ್ಲ.

ಅಪಚಾರ ಮಾಡಿದ್ದು ಸರ್ಕಾರವೇ ಆದರೆ?

2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಸ್ಥಾನವನ್ನು ಆಡಳಿತವೇ ಕೆಡವಿತು. ಯಂತ್ರ ಗೋಪುರಕ್ಕೆ ಬಾಯಿ ಹಾಕುವ ದೃಶ್ಯ ರಾಜ್ಯದ ಎಲ್ಲ ಮೊಬೈಲುಗಳಿಗೂ ಬಂತು. ಆಡಳಿತ ಪಕ್ಷದವರೇ ತಮ್ಮ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಸಾರ್ವಜನಿಕ ಜಾಗದಲ್ಲಿ ಅನಧಿಕೃತ ಧಾರ್ಮಿಕ ಕಟ್ಟಡ ಕಟ್ಟಲು ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟ ಆದೇಶವನ್ನು ಅಧಿಕಾರಿಗಳು ಮುಂದಿಟ್ಟರು. ಅದೇ ತಿಂಗಳಲ್ಲಿ ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆಯನ್ನು ಅಂಗೀಕರಿಸಿ ಗಲಾಟೆ ತಣ್ಣಗಾಗಿಸಿತು.

ನನಗೆ ಕೊರೆದದ್ದು ಬೇರೆ. ಸುಪ್ರೀಂ ಕೋರ್ಟಿನ ಆದೇಶದ ಪ್ರಕಾರ, ಮೊದಲೇ ಇದ್ದ ಕಟ್ಟಡಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕಿತ್ತು. ಈ ಗುಡಿಯ ಪರಿಶೀಲನೆ ಯಾವ ದಿನ ನಡೆಯಿತು, ಊರಿನವರನ್ನು ಯಾರು ಕೇಳಿದರು, ಮೂರ್ತಿಯನ್ನು ಮರ್ಯಾದೆಯಿಂದ ಬೇರೆಡೆಗೆ ಒಯ್ಯಲು ಏನು ಏರ್ಪಾಡಿತ್ತು, ಕಡತಕ್ಕೆ ಸಹಿ ಯಾರದು? ಈ ಪ್ರಶ್ನೆಗಳನ್ನು ಮೊದಲ ಪುಟದಲ್ಲಿ ಕೇಳಬೇಕಿತ್ತು. ಬದಲಿಗೆ ಯಾರು ಎಷ್ಟು ಕೆಂಡಾಮಂಡಲವಾದರು ಎಂಬುದೇ ಸುದ್ದಿಯಾಯಿತು.

ಮೂಲದ ಹೆಸರು ಹೇಳು ಎಂದು ಪತ್ರಕರ್ತನನ್ನು ಒತ್ತಾಯಿಸಲು ಕಾನೂನಿನಲ್ಲಿ ಅವಕಾಶವಿದೆಯೇ?

ಪತ್ರಿಕಾ ಮಂಡಳಿ ಒತ್ತಾಯಿಸುವಂತಿಲ್ಲ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15(2)ನೇ ಕಲಂ ಹಾಗೆ ಹೇಳುತ್ತದೆ. ನ್ಯಾಯಾಲಯದಲ್ಲಿ ಅಂಥ ರಕ್ಷಣೆ ಬರಹದಲ್ಲಿ ಇಲ್ಲ. ಕೊಡಬೇಕೆಂದು ಕಾನೂನು ಆಯೋಗ 1983ರಲ್ಲೇ ತನ್ನ 93ನೇ ವರದಿಯಲ್ಲಿ ಶಿಫಾರಸು ಮಾಡಿತು. ನಲವತ್ತು ವರ್ಷದ ಮೇಲೆ ಸಾಕ್ಷ್ಯ ಕಾಯ್ದೆಯನ್ನೇ ಹೊಸದಾಗಿ ಬರೆದು 2024ರ ಜುಲೈ 1ರಿಂದ ಜಾರಿಗೆ ತಂದಾಗಲೂ ಅದನ್ನು ಸೇರಿಸಲಿಲ್ಲ. ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ತಂತ್ರಾಂಶದ ಕುರಿತ ಪೆಗಾಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಮೂಲಗಳ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲಭೂತ ಅಗತ್ಯಗಳಲ್ಲೊಂದು ಎಂದು ಹೇಳಿದ್ದು ಸಮಾಧಾನದ ಸಂಗತಿ.

ಮೈಸೂರಿಗೆ ಈ ಜಗಳ ಹೊಸದಲ್ಲ. 1908ರಲ್ಲಿ ಸಂಸ್ಥಾನದ ಸರ್ಕಾರ ಪತ್ರಿಕೆಗಳ ಕತ್ತು ಹಿಡಿಯುವ ಕಾಯ್ದೆ ತಂದಾಗ ಮೈಸೂರಿನವರೆಲ್ಲ ‘ತಾತಯ್ಯ’ ಎಂದು ಕರೆಯುತ್ತಿದ್ದ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರು, ತಲೆಬಾಗಿ ನಡೆಸುವುದಕ್ಕಿಂತ ತಮ್ಮ ಪತ್ರಿಕೆಗಳನ್ನು ಮುಚ್ಚುವುದೇ ಲೇಸೆಂದು ಮುಚ್ಚಿದರು.

ಅಧಿಕಾರಿ ಅಲ್ಲಗಳೆಯಲಿಲ್ಲ ಎಂದರೆ ಒಪ್ಪಿದ ಹಾಗಲ್ಲವೇ?

ಅಲ್ಲ. ಅವರು ಊಟಕ್ಕೆ ಹೊರಟಿರಬಹುದು, ಕಾಗದ ಪೂರ್ತಿ ಓದಿಲ್ಲದಿರಬಹುದು, ತನಗೇ ಗೊತ್ತಿಲ್ಲದಿರಬಹುದು. ‘ಮೌನಂ ಸಮ್ಮತಿ ಲಕ್ಷಣಂ’ ಮದುವೆ ಮಾತುಕತೆಗೆ ಸರಿ, ಸುದ್ದಿಗಲ್ಲ.

ಹಾಗಾದರೆ ಹೆಸರಿಲ್ಲದ ಮೂಲವನ್ನು ಯಾವಾಗ ನಂಬಬಹುದು? ಡೆಸ್ಕಿನಲ್ಲಿ ಕೂತವರಿಗೆ ಏನು ಹೇಳುತ್ತೀರಿ?

ಹುಡುಗರಿಗೆ ನಾನು ಮೊದಲು ಹೇಳುವುದು, ‘ನಿಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಳ್ಳಿ ಎಂದು. ಕಂಡಿರಾ, ಓದಿದಿರಾ, ಕೇಳಿದಿರಾ? ಓದಿದ್ದರೆ ಯಾವ ಕಾಗದ, ಎಷ್ಟನೇ ಪುಟ, ಒಂದು ಫೋಟೊ ತೋರಿಸಲಾದೀತೇ? ನ್ಯೂಸ್‌ವೀಕ್ ಎಡವಿದ್ದು ಇದೇ ಜಾಗದಲ್ಲಿ. ವರದಿ ಹೊರಬರುವ ಮೊದಲೇ ಅದರಲ್ಲಿ ಏನಿದೆ ಎಂದು ಬರೆದರು, ವರದಿಯನ್ನು ಕಣ್ಣಿಂದ ನೋಡಲಿಲ್ಲ.

ಮೂಲದ ಹೆಸರು ಮುಚ್ಚಿ, ಅವರು ನಿಂತ ಜಾಗವನ್ನು ಮುಚ್ಚಬೇಡಿ. ‘ಕಡತವನ್ನು ಓದಿರುವ, ಹೇಳಿಕೆ ನೀಡಲು ಅಧಿಕಾರವಿಲ್ಲದ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು’ ಎಂದು ಬರೆದರೆ ಓದುಗರಿಗೆ ತೂಕ ಸಿಗುತ್ತದೆ. ಒಬ್ಬರಿದ್ದರೆ ಒಬ್ಬರು ಎನ್ನಿ. ಅವರ ಹೆಸರು ಸಂಪಾದಕರಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಆ ಪ್ರಕರಣದ ಬಳಿಕ ನ್ಯೂಸ್‌ವೀಕ್ ಕೂಡ ಬರೀ ‘ಮೂಲಗಳು ಹೇಳಿವೆ’ ಎಂಬ ಆಧಾರದ ಮೇಲೆ ಸುದ್ದಿ ಹಾಕುವುದಿಲ್ಲ, ಹಿರಿಯ ಸಂಪಾದಕರ ಒಪ್ಪಿಗೆ ಬೇಕು ಎಂಬ ನಿಯಮ ಮಾಡಿಕೊಂಡಿತು.

ಅಪಚಾರದ ಸುದ್ದಿಯಾದರೆ ಇನ್ನೂ ಒಂದು ಮಾತು. ಹೆಸರಿಲ್ಲದ ಒಂದೇ ಮೂಲದ ಮೇಲೆ ಅದನ್ನು ಹಾಕಲೇಬೇಡಿ. ಇನ್ನೊಂದು ಪತ್ರಿಕೆ ಮೊದಲು ಹಾಕಿಕೊಳ್ಳಲಿ, ಬಿಡಿ. ಲಂಚದ ಸುದ್ದಿ ತಪ್ಪಾದರೆ ಒಬ್ಬನ ಮಾನ ಹೋಗುತ್ತದೆ, ಅದನ್ನು ತಿದ್ದಬಹುದು. ಇಲ್ಲಿ ತಿದ್ದುಪಡಿ ಅಚ್ಚಾಗುವಷ್ಟರಲ್ಲಿ ಯಾರದೋ ಮನೆಯ ಹೆಂಚು ಒಡೆದಿರುತ್ತದೆ. ಒಡೆದದ್ದು ನಿಜ ಎಂದು ಗೊತ್ತಿದ್ದರೆ ಒಡೆದಿದೆ ಎಂದಷ್ಟೇ ಬರೆಯಿರಿ. ಯಾರು ಎಂದು ಗೊತ್ತಾಗುವವರೆಗೆ ‘ಒಡೆದಿದೆ’ ಎಂಬುದನ್ನು ‘ಒಡೆದಿದ್ದಾರೆ’ ಎಂದು ಮಾಡಬೇಡಿ. ನಾಗರಕಲ್ಲಿನ ದಿನ ನಾನು ಕಲಿತ ವ್ಯಾಕರಣ ಅದು.

ತಪ್ಪಾದರೆ?

ತಪ್ಪು ಯಾವ ಪುಟದಲ್ಲಿ ಬಂತೋ ಅದೇ ಪುಟದಲ್ಲಿ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ತಿದ್ದುಪಡಿ ಹಾಕಬೇಕು. ‘ಕಣ್ತಪ್ಪಿನಿಂದ’ ಎನ್ನಬಾರದು. ಏನು ತಪ್ಪಿತು, ಏನು ತಪ್ಪಿಲ್ಲ, ಎರಡನ್ನೂ ಹೇಳಬೇಕು. ನ್ಯೂಸ್‌ವೀಕ್ ಹಿಂತೆಗೆದುಕೊಂಡದ್ದು ಸೇನೆಯ ಆಂತರಿಕ ತನಿಖೆಯಲ್ಲಿ ಅದು ಪತ್ತೆಯಾಗಿದೆ ಎಂಬ ಮಾತನ್ನು. ಸೆರೆಮನೆಯಲ್ಲಿ ಏನೂ ನಡೆದೇ ಇಲ್ಲ ಎಂದು ಅದು ಹೇಳಲಿಲ್ಲ. ಆದರೆ ಜನರ ಕಿವಿಗೆ ಬಿದ್ದದ್ದು ‘ಸುಳ್ಳು ಸುದ್ದಿ’ ಎಂಬ ಎರಡೇ ಪದ.

ನಮ್ಮ ನಾಗರಕಲ್ಲಿನ ತಿದ್ದುಪಡಿ ಐದನೇ ಪುಟದಲ್ಲಿ ಎರಡು ಸಾಲು ಬಂತು. ಅದನ್ನು ಬರೆದವನೂ ನಾನೇ. ಜೆಸಿಬಿ ಎಂಬ ಪದ ಅದರಲ್ಲಿ ಇರಲಿಲ್ಲ.

ಧರ್ಮಕ್ಕೆ ಅವಮಾನ ಮಾಡಿದವರಿಗೆ ಕಾನೂನಿನಲ್ಲಿ ಶಿಕ್ಷೆ ಇಲ್ಲವೇ?

ಇದೆ. ಭಾರತೀಯ ನ್ಯಾಯ ಸಂಹಿತೆಯ 298ನೇ ಕಲಂ ಪೂಜಾ ಸ್ಥಳ ಅಥವಾ ಪವಿತ್ರ ವಸ್ತುವನ್ನು ಹಾಳುಮಾಡುವುದಕ್ಕೆ, 299ನೇ ಕಲಂ ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆಗೆ ಧಕ್ಕೆ ತರುವುದಕ್ಕೆ. ಹಳೆಯ ಸಂಹಿತೆಯಲ್ಲಿ ಇವು 295 ಮತ್ತು 295ಎ ಆಗಿದ್ದವು, ಎರಡನೆಯದನ್ನು 1927ರಲ್ಲಿ ಸೇರಿಸಿದ್ದರು. ಮೊದಲನೆಯದರಲ್ಲಿ ಉದ್ದೇಶ ಇಲ್ಲವೇ ಅರಿವು, ಎರಡನೆಯದರಲ್ಲಿ ಉದ್ದೇಶ ಸಾಬೀತಾಗಬೇಕು. ಅದಕ್ಕೆ ಸಾಕ್ಷಿ ಬೇಕು, ಮಹಜರು ಬೇಕು, ಸ್ಥಳ ಕೆಡದೆ ಇರಬೇಕು. ಗುಂಪು ನುಗ್ಗಿದ ಮೇಲೆ ಉಳಿಯುವ ಸಾಕ್ಷಿ ಎಷ್ಟು ಎಂದು ಯಾವ ಪೊಲೀಸರನ್ನು ಬೇಕಾದರೂ ಕೇಳಿ.

ನಾನು ಪತ್ರಕರ್ತನಲ್ಲ, ಓದುಗ. ಇಂಥ ಸುದ್ದಿ ಬಂದಾಗ ಏನು ಮಾಡಲಿ?

ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳಬೇಡಿ. ಅದನ್ನು ನಿಮಗೆ ಕಳಿಸಿದ ಭಾವನಿಗೋ ಅಳಿಯನಿಗೋ ಫೋನ್ ಮಾಡಿ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿ. ಜಗಳವಾಗಬಹುದು, ಆಗಲಿ.

ಆಮೇಲೆ ಕೋಪವನ್ನು ಕಾಗದಕ್ಕಿಳಿಸಿ. ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದೂ ಅದೇ 2005ರಲ್ಲಿ, ಅಕ್ಟೋಬರ್ 12ರಂದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯಲ್ಲಿ. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ‘ಇಂಥ ದಿನದ ತಪಾಸಣಾ ವರದಿಯ ಪ್ರತಿ, ಆದೇಶದ ಪ್ರತಿ, ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಬೇಕು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ನಿರಾಕರಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಆ ಉತ್ತರ ಬಂದರೆ ಹೇಗೆ ಅಡ್ಡಿಯಾಗುತ್ತದೆ ಎಂದು 30 ದಿನದೊಳಗೆ ಮೇಲ್ಮನವಿ ಹಾಕಿ. ನಮ್ಮ ಭಾನುವಾರದ ಗುಂಪಿನ ಮೇಷ್ಟ್ರೊಬ್ಬರು ತಮ್ಮೂರಿನ ಕೆರೆ ಏರಿಯ ಮೇಲಿದ್ದ ವೀರಗಲ್ಲು ಎಲ್ಲಿ ಹೋಯಿತು ಎಂದು ಹೀಗೆ ಹದಿನಾಲ್ಕು ತಿಂಗಳು ಬೆನ್ನು ಹತ್ತಿದರು. ಕೊನೆಗೆ ಅದು ಇಲಾಖೆಯ ಗೋದಾಮಿನಲ್ಲಿ ಸಿಮೆಂಟ್ ಚೀಲಗಳ ಹಿಂದೆ ಸಿಕ್ಕಿತು. ಅಷ್ಟರಲ್ಲಿ ಊರಿನಲ್ಲಿ ಅದನ್ನು ಕದ್ದವರು ಇಂಥವರೇ ಎಂದು ಮೂರು ಕಥೆ ಹುಟ್ಟಿದ್ದವು.

ವರದಿಯಲ್ಲಿ ಸಮುದಾಯದ ಹೆಸರು ಬರೆಯಬೇಕೇ?

ಗಲಭೆ ನಡೆಯುತ್ತಿರುವ ದಿನ ಬೇಡ. ತನಿಖೆ ಮುಗಿದು, ಆರೋಪಪಟ್ಟಿ ಸಲ್ಲಿಕೆಯಾಗಿ, ಹೇಳದಿದ್ದರೆ ಸಂಗತಿಯೇ ಅರ್ಥವಾಗದು ಎಂಬ ಹಂತದಲ್ಲಿ ಬರೆಯಬೇಕು. ಎಂದೆಂದಿಗೂ ‘ಒಂದು ಕೋಮಿನವರು’ ಎಂದೇ ಬರೆಯುತ್ತಾ ಹೋದರೆ ಓದುಗರು ಖಾಲಿ ಜಾಗವನ್ನು ತಮ್ಮ ಸಂಶಯದಿಂದ ತುಂಬಿಕೊಳ್ಳುತ್ತಾರೆ. ಮೇಷ್ಟ್ರುಗಳಿಬ್ಬರೂ ಇದನ್ನು ಒಪ್ಪುವುದಿಲ್ಲ, ಚರ್ಚೆ ಇನ್ನೂ ನಡೆಯುತ್ತಿದೆ.

ಆ ರಾತ್ರಿ ನಿಮಗೆ ಫೋನ್ ಮಾಡಿದ ಪೊಲೀಸರು ಯಾರು? ಈಗಲಾದರೂ ಹೇಳಬಹುದಲ್ಲ.

ಹೇಳುವುದಿಲ್ಲ. ಅವರು ನಿವೃತ್ತರಾಗಿ ಹತ್ತು ವರ್ಷವಾಯಿತು, ಹೇಳಿದರೆ ಅವರಿಗೆ ಕೆಲಸ ಹೋಗುವ ಭಯವೂ ಇಲ್ಲ. ಆದರೂ ಹೇಳುವುದಿಲ್ಲ. ಅವರು ನನಗೆ ಸುಳ್ಳು ಹೇಳಿರಲಿಲ್ಲ. ಕಟ್ಟೆಯ ಬಳಿ ಸೇರಿದ್ದ ಜನ ಆಡುತ್ತಿದ್ದ ಮಾತನ್ನು, ಗಲಾಟೆಯಾದೀತು, ದೊಡ್ಡವರಿಗೆ ತಿಳಿಯಲಿ ಎಂಬ ಕಾಳಜಿಯಿಂದ ದಾಟಿಸಿದ್ದರು. ನಾನು ಮರುಪ್ರಶ್ನೆ ಹಾಕದೆ ಇದ್ದದ್ದು ಅವರ ತಪ್ಪಲ್ಲ. ಕಳೆದ ಯುಗಾದಿಗೆ ಮನೆಗೆ ಬಂದಿದ್ದರು. ಒಬ್ಬಟ್ಟು ತಿಂದು ಕೈ ತೊಳೆಯುವಾಗ, ‘ಆವತ್ತು ನನ್ನ ಹೆಸರು ಹೇಳಿಬಿಟ್ಟಿದ್ದರೆ ನಿಮಗೆ ಅಷ್ಟು ಬೈಗುಳ ಬೀಳುತ್ತಿರಲಿಲ್ಲ’ ಎಂದರು. ಹೆಗಲ ಮೇಲಿದ್ದ ಟವೆಲನ್ನು ಅವರ ಕೈಗೆ ಕೊಟ್ಟೆ. ಕಟ್ಟೆಯ ಮೇಲೆ ಈಗ ಹೊಸ ಕಲ್ಲು ಇದೆ, ಹಳೆಯ ತುಂಡುಗಳನ್ನು ಊರಿನವರು ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಯಲ್ಲಿ ಬಿಟ್ಟರು ಎಂದು ತಿಳಿಸಿದವರೂ ಅವರೇ. ಆ ಕಲ್ಲನ್ನು ನೋಡಲು ಇಬ್ಬರೂ ಒಟ್ಟಿಗೆ ಹೋಗಿಬಂದೆವು.